ಡಿಮೆನ್ಷಿಯಾ ಇರುವ ಪತಿಯ ಪರವಾಗಿ ನಿರ್ಧಾರ ಕೈಗೊಳ್ಳುವ ಕಾನೂನುಬದ್ಧ ಅಧಿಕಾರ ಪತ್ನಿಗೆ ಹೇಗೆ ಸಿಗುತ್ತದೆ?

ಪ್ರಶ್ನೆ ಕೇಳಿದವರು

ನಮ್ಮ ಯಜಮಾನರಿಗೆ ಆಲ್‌ಝೈಮರ್ ಕಾಯಿಲೆಯಿಂದ ಡಿಮೆನ್ಷಿಯಾ ಬಂದಿದೆ ಎಂದು ನರರೋಗ ತಜ್ಞರು ಖಚಿತಪಡಿಸಿದ್ದಾರೆ. ಬೆಳಗಿನ ಹೊತ್ತು ಅವರ ಮಾತು, ವಿಚಾರ ಎರಡೂ ಬಹುಮಟ್ಟಿಗೆ ಸರಿಯಾಗಿರುತ್ತವೆ. ಸಂಜೆಯಾಗುತ್ತಿದ್ದಂತೆ ಗೊಂದಲ ಹೆಚ್ಚುತ್ತದೆ. ಮನೆ ಅವರೊಬ್ಬರ ಹೆಸರಿನಲ್ಲಿದೆ. ಪಿಂಚಣಿ ನಮ್ಮಿಬ್ಬರ ಜಂಟಿ ಖಾತೆಗೆ ಬರುತ್ತದೆಯಾದರೂ ನಿಶ್ಚಿತ ಠೇವಣಿಗಳೆಲ್ಲ ಅವರ ಹೆಸರಿನಲ್ಲೇ ಇವೆ. ಚಿಕಿತ್ಸೆಯ ಖರ್ಚಿಗೆಂದು ಒಂದು ಠೇವಣಿಯನ್ನು ಅವಧಿಗೆ ಮುನ್ನವೇ ತೆಗೆಯಲು ಅರ್ಜಿ ಕೊಟ್ಟಾಗ, ಸಹಿ ಮಾದರಿ ಸಹಿಗೆ ಹೊಂದುವುದಿಲ್ಲ ಎಂದು ಬ್ಯಾಂಕಿನವರು ಹಿಂದಿರುಗಿಸಿದರು.

ಅವರ ತಪ್ಪೆಂದು ನಾನು ಹೇಳಲಾರೆ. ಸಹಿ ಮಾಡುವಾಗ ಮೊದಲ ಅಕ್ಷರವನ್ನು ಇವರು ಎಂದಿನಂತೆ ಸುತ್ತಿ ಬರೆಯುತ್ತಾರೆ, ಅಲ್ಲಿ ಪೆನ್ನು ನಿಲ್ಲುತ್ತದೆ, ಕಾಗದದ ಅಂಚನ್ನು ಮೇಜಿಗೆ ನೇರ ಮಾಡಿ "ಇದು ಯಾವ ಕಾಗದ?" ಎಂದು ಕೇಳುತ್ತಾರೆ. ನಾನು ವಿವರಿಸಿದ ಮೇಲೆ ತಲೆಯಾಡಿಸಿ, ಉಳಿದ ಅಕ್ಷರಗಳನ್ನು ಬೇರೆಯೇ ಬಗೆಯಲ್ಲಿ ಮುಗಿಸುತ್ತಾರೆ.

ನನ್ನ ಪ್ರಶ್ನೆ ಇಷ್ಟು: ಹೆಂಡತಿಯಾಗಿ ಅವರ ಪರವಾಗಿ ಸಹಿ ಮಾಡುವ ಹಕ್ಕು ನನಗೆ ಇದೆಯೇ? ಇಲ್ಲದಿದ್ದರೆ ಜಿಪಿಎ (ಅವರ ಪರವಾಗಿ ವ್ಯವಹರಿಸಲು ಅಧಿಕಾರ ಕೊಡುವ ಸಾಮಾನ್ಯ ಮುಖ್ತಾರನಾಮೆ) ಮಾಡಿಸಿಕೊಂಡರೆ ಸಾಕೇ? ಮುಂದೆ ಅವರಿಗೆ ಏನೂ ತಿಳಿಯದ ಸ್ಥಿತಿ ಬಂದಾಗಲೂ ಅದು ನಡೆಯುತ್ತದೆಯೇ? ಅವರ ಕೈಯಿಂದ ಎಲ್ಲವನ್ನೂ ಕಿತ್ತುಕೊಂಡಂತೆ ಆಗಬಾರದೆಂಬ ಆಸೆಯೂ ನನಗಿದೆ.

ಸಿವಿಲ್ ವಕೀಲರು

ಅಮ್ಮ, ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನೇರವಾಗಿಯೇ ಇದೆ: ಮದುವೆಯ ಸಂಬಂಧವೊಂದೇ ಆಧಾರವಾಗಿ ಗಂಡನ ಸ್ವಂತ ಆಸ್ತಿ ಅಥವಾ ಠೇವಣಿಯ ಮೇಲೆ ವ್ಯವಹರಿಸುವ ಅಧಿಕಾರ ಹೆಂಡತಿಗೆ ಬರುವುದಿಲ್ಲ, ಹೆಂಡತಿಯ ಆಸ್ತಿಯ ಮೇಲೆ ಗಂಡನಿಗೂ ಬರುವುದಿಲ್ಲ. ನೀವು ನಾಮಿನಿಯಾಗಿದ್ದರೂ ಅಷ್ಟೇ. ನಾಮನಿರ್ದೇಶನ ಕೆಲಸಕ್ಕೆ ಬರುವುದು ಖಾತೆದಾರರು ತೀರಿಕೊಂಡ ಮೇಲೆ. ಅವರು ಬದುಕಿರುವಾಗ ಅದರಿಂದ ಯಾವ ಅಧಿಕಾರವೂ ಹುಟ್ಟುವುದಿಲ್ಲ.

ಎರಡನೆಯದಕ್ಕೆ ಸ್ವಲ್ಪ ದೀರ್ಘವಾಗಿ ಉತ್ತರಿಸಬೇಕು, ಏಕೆಂದರೆ ಬಹುತೇಕ ಕುಟುಂಬಗಳು ನಂಬಿಕೊಂಡಿರುವುದು ಜಿಪಿಎಯನ್ನೇ. ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಚಿತ್ತಸ್ವಾಸ್ಥ್ಯ ಕೆಟ್ಟರೆ ಏಜೆನ್ಸಿ, ಅಂದರೆ ಅವರ ಪರವಾಗಿ ವ್ಯವಹರಿಸುವ ಅಧಿಕಾರ, ಕೊನೆಗೊಳ್ಳುತ್ತದೆ ಎಂದು ಭಾರತೀಯ ಕರಾರು ಕಾಯಿದೆ, 1872ರ 201ನೇ ಕಲಮು ಹೇಳುತ್ತದೆ. ಅಂದರೆ ಯಾವ ದಿನಕ್ಕಾಗಿ ನೀವು ಜಿಪಿಎ ಮಾಡಿಸಿ ಇಟ್ಟುಕೊಳ್ಳುತ್ತೀರೋ, ಆ ದಿನವೇ ಅದು ಬಲ ಕಳೆದುಕೊಳ್ಳುತ್ತದೆ. ನೋಂದಣಿ ಮಾಡಿಸಿದ್ದರೂ, "ನನ್ನ ಬುದ್ಧಿ ಸ್ಥಿಮಿತ ತಪ್ಪಿದ ಮೇಲೂ ಇದು ಜಾರಿಯಲ್ಲಿರತಕ್ಕದ್ದು" ಎಂದು ಬರೆಸಿದ್ದರೂ ಈ ನಿಯಮ ಬದಲಾಗುವುದಿಲ್ಲ. ಅಧಿಕಾರ ಕೊಟ್ಟವರ ಸ್ಥಿತಿ ತಿಳಿಯದೆ ಒಳ್ಳೆಯ ನಂಬಿಕೆಯಿಂದ ಹಣ ಪಾವತಿ ಮಾಡಿದ ಮುಖ್ತಾರರಿಗೆ (ಜಿಪಿಎಯಿಂದ ಅಧಿಕಾರ ಪಡೆದವರಿಗೆ) ಪವರ್ಸ್ ಆಫ್ ಅಟಾರ್ನಿ ಕಾಯಿದೆ, 1882ರ 3ನೇ ಕಲಮು ರಕ್ಷಣೆ ಕೊಡುತ್ತದೆ. ಆದರೆ ಒಂದೇ ಮನೆಯಲ್ಲಿದ್ದು ಅವರನ್ನು ನೋಡಿಕೊಳ್ಳುತ್ತಿರುವ ನೀವು "ನನಗೆ ತಿಳಿದಿರಲಿಲ್ಲ" ಎನ್ನಲು ಸಾಧ್ಯವೇ? ಕರಾರು ಕಾಯಿದೆಯ 209ನೇ ಕಲಮಿನಂತೆ, ಅಂತಹ ಸಂದರ್ಭದಲ್ಲಿ ತಮ್ಮ ಕೈಗೆ ಒಪ್ಪಿಸಿದ್ದ ಹಿತಾಸಕ್ತಿಯನ್ನು ಕಾಪಾಡುವ ಕ್ರಮಗಳನ್ನು ಮುಖ್ತಾರರು ತೆಗೆದುಕೊಳ್ಳಲೇಬೇಕು. ಆದರೆ ಕಾಪಾಡುವ ಆ ಹೊಣೆಯನ್ನು ಮಾರುವ ಅಧಿಕಾರವೆಂದು ಓದಿಕೊಳ್ಳಲಾಗದು.

ಹಾಗೆಂದು ಜಿಪಿಎ ವ್ಯರ್ಥವೆಂದು ನನ್ನ ಮಾತಿನ ಅರ್ಥವಲ್ಲ. ಕರಾರು ಕಾಯಿದೆಯ 12ನೇ ಕಲಮು, ಸಾಮಾನ್ಯವಾಗಿ ಚಿತ್ತಸ್ವಾಸ್ಥ್ಯ ಇಲ್ಲದವರೂ ಅದು ಸರಿಯಿರುವ ಹೊತ್ತಿನಲ್ಲಿ ಕರಾರು ಮಾಡಿಕೊಳ್ಳಬಹುದು ಎನ್ನುತ್ತದೆ. ವ್ಯವಹಾರವನ್ನು ಅರ್ಥ ಮಾಡಿಕೊಂಡು, ತಮ್ಮ ಹಿತದ ಮೇಲೆ ಅದರ ಪರಿಣಾಮವೇನೆಂದು ವಿವೇಚಿಸುವ ಶಕ್ತಿ ಆ ಹೊತ್ತಿನಲ್ಲಿ ಇದೆಯೇ ಎಂಬುದೇ ಅಳತೆಗೋಲು. ನಿಮ್ಮ ಯಜಮಾನರ ಬೆಳಗಿನ ಹೊತ್ತು ಇನ್ನೂ ಕೈಯಲ್ಲಿದೆ. ಅವರ ಸ್ವಂತ ಸಮ್ಮತಿಯಿಂದ ಆಗಬೇಕಾದ ಕೆಲಸಗಳನ್ನು ಈಗಲೇ, ತಡಮಾಡದೆ, ಅವರನ್ನು ಮುಂದಿಟ್ಟುಕೊಂಡು ಮುಗಿಸಿ. ನಿಮ್ಮನ್ನು ಅವರ ಪಾಲಕರನ್ನಾಗಿ ನೇಮಿಸುವಂತೆ ನ್ಯಾಯಾಲಯವನ್ನು ಕೋರುವ ಪಾಲಕತ್ವದ ಅರ್ಜಿಯನ್ನು ಅದರ ನಂತರ ಯೋಚಿಸೋಣ.

ಮನೋವೈದ್ಯರು

ವಕೀಲರು ಹೇಳಿದ "ಆ ಹೊತ್ತಿನಲ್ಲಿ" ಎಂಬ ಮಾತಿಗೆ ವೈದ್ಯಕೀಯ ವಿವರಣೆಯನ್ನು ಸೇರಿಸುತ್ತೇನೆ. ಡಿಮೆನ್ಷಿಯಾ ಎಂಬ ರೋಗನಿರ್ಣಯ ಬೇರೆ, ನಿರ್ಧಾರ ಸಾಮರ್ಥ್ಯ ಬೇರೆ. ಮೂವತ್ತು ಅಂಕಗಳ ನೆನಪಿನ ಪರೀಕ್ಷೆಯಲ್ಲಿ ಎಷ್ಟು ಬಂತು ಎಂಬುದರಿಂದ ಒಬ್ಬರು ಉಯಿಲು ಬರೆಯಬಲ್ಲರೇ ಇಲ್ಲವೇ ಎಂದು ತೀರ್ಮಾನಿಸಲಾಗದು. ಸಾಮರ್ಥ್ಯವನ್ನು ನೋಡಬೇಕಾದದ್ದು ಒಂದೊಂದು ನಿರ್ಧಾರಕ್ಕೆ ಪ್ರತ್ಯೇಕವಾಗಿ. ಕ್ರಯಪತ್ರದ ಷರತ್ತುಗಳನ್ನು ತೂಗಿ ನೋಡಲಾರದ ವ್ಯಕ್ತಿಯೊಬ್ಬರು, "ನನ್ನ ಹಣಕಾಸನ್ನು ಯಾರು ನೋಡಿಕೊಳ್ಳಬೇಕು?" ಎಂಬ ಪ್ರಶ್ನೆಗೆ ಸ್ಪಷ್ಟವಾಗಿ, ಕಾರಣಸಹಿತವಾಗಿ ಉತ್ತರ ಕೊಡುವುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ.

ಪರೀಕ್ಷೆಗೆ ಬರುವ ಮುನ್ನ ಕೆಲವು ವಿಷಯಗಳನ್ನು ದಯವಿಟ್ಟು ಗಮನಿಸಿ. ಮೂತ್ರದ ಸೋಂಕು, ಮಲಬದ್ಧತೆ, ನೀರಿನ ಕೊರತೆ, ಹೊಸದಾಗಿ ಶುರುವಾದ ನಿದ್ರೆಯ ಮಾತ್ರೆ ಇವುಗಳಲ್ಲಿ ಯಾವುದೇ ಒಂದು ಇದ್ದರೂ ಹಿರಿಯರ ಗೊಂದಲ ಹಠಾತ್ತಾಗಿ ಹೆಚ್ಚಬಹುದು. ಅಂಥ ಕಾರಣವಿದ್ದರೆ ಮೊದಲು ಅದನ್ನು ಗುಣಪಡಿಸಿ. ಕನ್ನಡಕ, ಶ್ರವಣ ಸಾಧನ ಬಳಸುವವರಾದರೆ ಅವುಗಳ ಜೊತೆಗೇ ಬರಲಿ. ಕಿವಿ ಕೇಳಿಸದೆ ತಪ್ಪು ಉತ್ತರ ಕೊಟ್ಟವರನ್ನು ಬುದ್ಧಿ ಸಾಲದೆ ತಪ್ಪು ಉತ್ತರ ಕೊಟ್ಟವರೆಂದು ಬರೆದುಬಿಡುವುದು ಅನ್ಯಾಯ.

ಪ್ರಮಾಣಪತ್ರದ ವಿಷಯ. "ಪರೀಕ್ಷಿಸಲಾಗಿದೆ, ಸಹಿ ಮಾಡಲು ಸಮರ್ಥರು" ಎಂಬ ಒಂದು ಸಾಲಿನ ಚೀಟಿ ಮುಂದೆ ತಕರಾರು ಬಂದಾಗ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ದಿನಾಂಕ, ವೇಳೆ, ಯಾವ ನಿರ್ಧಾರಕ್ಕಾಗಿ ಪರೀಕ್ಷೆ ನಡೆಯಿತು, ಯಾವ ಪ್ರಶ್ನೆ ಕೇಳಲಾಯಿತು, ರೋಗಿ ತಮ್ಮ ಮಾತಿನಲ್ಲೇ ಏನೆಂದರು ಎಂಬುದೆಲ್ಲ ಅದರಲ್ಲಿರಬೇಕು. ನಾನು ಪತ್ನಿಯನ್ನೂ ಮಕ್ಕಳನ್ನೂ ಹೊರಗೆ ಕೂರಿಸಿ ಕೇಳುತ್ತೇನೆ: "ಈ ಕಾಗದಕ್ಕೆ ಸಹಿ ಮಾಡಿದರೆ ನಾಳೆಯಿಂದ ಏನು ಬದಲಾಗುತ್ತದೆ? ಅವರು ನಿಮ್ಮ ಹಣವನ್ನು ನಿಮಗೆ ಬೇಡವಾದ ರೀತಿಯಲ್ಲಿ ಖರ್ಚು ಮಾಡಿದರೆ ಏನು ಮಾಡುತ್ತೀರಿ?" ಸ್ವಲ್ಪ ಹೊತ್ತು ಬೇರೆ ಮಾತಾಡಿ ಅದೇ ಪ್ರಶ್ನೆಗೆ ಮರಳುತ್ತೇನೆ. ಉತ್ತರದ ಪದಗಳು ಬದಲಾದರೂ ತಾತ್ಪರ್ಯ ಬದಲಾಗದಿದ್ದರೆ, ನಿರ್ಧಾರ ಅವರದೇ ಎಂದು ಧೈರ್ಯವಾಗಿ ಬರೆಯುತ್ತೇನೆ.

ಪತ್ನಿಯನ್ನು ನೋಡಿಕೊಂಡ ಹಿರಿಯರು

ತಂಗಿ, ನನ್ನ ಪತ್ನಿಗೂ ಇದೇ ಕಾಯಿಲೆಯಿತ್ತು, ಆದ್ದರಿಂದ ಬ್ಯಾಂಕಿನ ಭಾಗದ ಬಗ್ಗೆ ಅನುಭವದಿಂದ ಬರೆಯುತ್ತಿದ್ದೇನೆ. ಠೇವಣಿಗೆ ನಿಮ್ಮ ಹೆಸರನ್ನು ಸೇರಿಸಿ "ಇಬ್ಬರಲ್ಲೊಬ್ಬರು ಅಥವಾ ಉಳಿದವರು" ಎಂಬ ಸೂಚನೆ ಹಾಕಿಸಿದರೆ ಎಲ್ಲ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ. ಆ ಸೂಚನೆಯಿಂದ ಅವಧಿ ಮುಗಿದಾಗ ಒಬ್ಬರ ಸಹಿಗೆ ಹಣ ಬರುತ್ತದೆ, ನಿಜ. ಆದರೆ ಅವಧಿಗೆ ಮುನ್ನ ತೆಗೆಯಬೇಕಾದರೆ ಇಬ್ಬರ ಸಹಿಯನ್ನೂ ಕೇಳಬಹುದು. ಕಾಯಿಲೆಯ ಮನೆಯಲ್ಲಿ ಹಣ ಬೇಕಾಗುವುದು ಯಾವಾಗಲೂ ಅವಧಿಗೆ ಮುನ್ನವೇ. ಆದ್ದರಿಂದ ಅವಧಿಪೂರ್ವ ಪಾವತಿಯೂ ಒಬ್ಬರ ಸಹಿಗೆ ಆಗುವಂತೆ ಇಬ್ಬರೂ ಸೇರಿ ಲಿಖಿತ ಸೂಚನೆಯನ್ನು ಈಗಲೇ ಕೊಡಿ. ಅದಕ್ಕೆ ಬ್ಯಾಂಕಿನವರು ಒಪ್ಪದಿದ್ದರೆ ಠೇವಣಿಯ ಒಂದು ಭಾಗವನ್ನಾದರೂ ಯಜಮಾನರ ಸಮ್ಮತಿಯಿಂದ ಜಂಟಿ ಉಳಿತಾಯ ಖಾತೆಗೆ ತಂದುಕೊಳ್ಳಿ.

ಮಾದರಿ ಸಹಿಯನ್ನು ಹೊಸದಾಗಿ ದಾಖಲಿಸಲು ಅವರನ್ನು ಬೆಳಗ್ಗೆಯೇ ಬ್ಯಾಂಕಿಗೆ ಕರೆದೊಯ್ಯಿರಿ; ಬರಲಾಗದಿದ್ದರೆ ಅಧಿಕಾರಿಯನ್ನು ಮನೆಗೆ ಕಳುಹಿಸುವಂತೆ ಲಿಖಿತವಾಗಿ ಕೋರಿ. ಸಹಿ ಸಾಧ್ಯವಾಗದವರಿಗೆ ಸಾಕ್ಷಿಗಳ ಸಮ್ಮುಖದಲ್ಲಿ ಹೆಬ್ಬೆಟ್ಟಿನ ಗುರುತು ಪಡೆಯುವ ಕ್ರಮವೂ ಇದೆ. ಆದರೆ ಅದು ಕೈ ನಡುಗುವವರಿಗೆ ಮಾಡಿದ ಅನುಕೂಲ. ವಿಷಯವೇ ತಿಳಿಯದವರ ಬೆರಳನ್ನು ಹಿಡಿದು ಒತ್ತಿಸುವುದು ಕಾನೂನಿಗೂ ಒಪ್ಪುವುದಿಲ್ಲ, ಮನಸ್ಸಿಗೂ ಒಪ್ಪುವುದಿಲ್ಲ.

ಪ್ರಶ್ನೆ ಕೇಳಿದವರು

ತಮ್ಮೆಲ್ಲರ ಉತ್ತರಗಳಿಂದ ದಾರಿ ಕಾಣಿಸುತ್ತಿದೆ. ಇನ್ನೊಂದು ಸಂಗತಿ ಇದೆ. ನಮ್ಮ ಮೈದುನರು, "ಇಷ್ಟೆಲ್ಲ ತೊಂದರೆ ಏಕೆ ಅತ್ತಿಗೆ, ಅಣ್ಣನಿಗೆ ತಿಳಿವಳಿಕೆ ಇರುವಾಗಲೇ ಮನೆಯನ್ನು ಮಗನ ಹೆಸರಿಗೆ ದಾನಪತ್ರ ಮಾಡಿಸಿಬಿಡಿ" ಎನ್ನುತ್ತಿದ್ದಾರೆ. ಮಗ ಒಳ್ಳೆಯವನೇ. ಮಗಳೂ ಬೇಡವೆನ್ನುವುದಿಲ್ಲ. ಆದರೂ ನನಗೇಕೋ ಒಪ್ಪಿಗೆಯಾಗುತ್ತಿಲ್ಲ.

ಸಿವಿಲ್ ವಕೀಲರು

ನಿಮ್ಮ ಹಿಂಜರಿಕೆ ಸರಿಯಾದದ್ದು. ಪರರ ಪರವಾಗಿ ನಿರ್ಧರಿಸುವ ಅಧಿಕಾರ ಪಡೆಯುವುದು ಒಂದು ಕೆಲಸ, ಅವರ ಆಸ್ತಿಯನ್ನೇ ವರ್ಗಾಯಿಸುವುದು ಪೂರ್ತಿ ಬೇರೆ ಕೆಲಸ. ತೊಂದರೆ ತಪ್ಪಿಸಿಕೊಳ್ಳಲೆಂದು ಎರಡನೆಯದನ್ನು ಮಾಡಬಾರದು. ಕರಾರು ಕಾಯಿದೆಯ 16ನೇ ಕಲಮಿನಲ್ಲಿ ಅನುಚಿತ ಪ್ರಭಾವದ ಮಾತು ಬರುತ್ತದೆ. ವಯಸ್ಸು, ಕಾಯಿಲೆ ಅಥವಾ ಸಂಕಟದಿಂದ ಮನಸ್ಸಿನ ಸಾಮರ್ಥ್ಯ ತಾತ್ಕಾಲಿಕವಾಗಿಯೋ ಶಾಶ್ವತವಾಗಿಯೋ ಕುಗ್ಗಿದವರೊಡನೆ ವ್ಯವಹರಿಸುವವರು ಅವರ ಮನಸ್ಸನ್ನು ಆಳುವ ಸ್ಥಾನದಲ್ಲಿದ್ದಾರೆಂದು ಕಾನೂನು ಪರಿಗಣಿಸುತ್ತದೆ. ರೋಗನಿರ್ಣಯದ ನಂತರ ಮಾಡಿಸಿದ ದಾನಪತ್ರದ ಮೇಲೆ ಈ ನೆರಳು ಬಿದ್ದೇ ಬೀಳುತ್ತದೆ, ಮತ್ತು ಅದನ್ನು ಪ್ರಶ್ನಿಸುವವರು ಇಂದಿನ ಮಗಳೇ ಆಗಬೇಕೆಂದಿಲ್ಲ, ನಾಳಿನ ಖರೀದಿದಾರರ ವಕೀಲರೂ ಆಗಬಹುದು.

ಇನ್ನೂ ಮುಖ್ಯವಾದದ್ದು ನಿಮ್ಮಿಬ್ಬರ ನೆಲೆ. ಮನೆಯನ್ನು ಕೊಟ್ಟ ಮೇಲೆ ಅದರ ಬಾಡಿಗೆಯಿಂದಲೋ ಅಡಮಾನದಿಂದಲೋ ಅವರ ಚಿಕಿತ್ಸೆಗೆ ಹಣ ಹೊಂದಿಸುವ ದಾರಿ ಮುಚ್ಚುತ್ತದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಪಾಲನೆಯಾಗದಿದ್ದರೆ ಹಿಂಪಡೆಯಲು ಪೋಷಕರ ಮತ್ತು ಹಿರಿಯ ನಾಗರಿಕರ ಜೀವನಾಂಶ ಹಾಗೂ ಕಲ್ಯಾಣ ಕಾಯಿದೆ, 2007ರ 23ನೇ ಕಲಮು ಅವಕಾಶ ಕೊಡುತ್ತದೆ ನಿಜ. ಹಾಗೆಂದು ಹಿಂಪಡೆಯಲು ವ್ಯಾಜ್ಯ ಹೂಡಬೇಕಾದ ಸ್ಥಿತಿಯನ್ನು ನಾವಾಗಿಯೇ ತಂದುಕೊಳ್ಳುವುದು ಬೇಡ. ಯಜಮಾನರಿಗೆ ಮನೆ ಇಂಥವರಿಗೆ ಸೇರಬೇಕೆಂಬ ಇಚ್ಛೆ ಇದ್ದರೆ ಉಯಿಲು ಬರೆಯಲಿ. ಭಾರತೀಯ ಉತ್ತರಾಧಿಕಾರ ಕಾಯಿದೆ, 1925ರ 59ನೇ ಕಲಮು ಚಿತ್ತಸ್ವಾಸ್ಥ್ಯ ಸರಿಯಿರುವ ಹೊತ್ತಿನ ಉಯಿಲನ್ನು ಮಾನ್ಯ ಮಾಡುತ್ತದೆ. ಅಂದೇ ವೈದ್ಯರಿಂದ ಪರೀಕ್ಷೆ ಮಾಡಿಸಿ, ಉಯಿಲಿನಿಂದ ಲಾಭ ಪಡೆಯದ ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿಸಿ, ನೋಂದಣಿಯನ್ನೂ ಮಾಡಿಸುವುದು ಕ್ಷೇಮ.

ಇಂಗ್ಲೆಂಡಿನಲ್ಲಿ ನೆಲೆಸಿರುವವರು

ಹೋಲಿಕೆಗೆ ಇಲ್ಲಿನ ವ್ಯವಸ್ಥೆಯನ್ನು ತಿಳಿಸುತ್ತೇನೆ, ವಿದೇಶದಲ್ಲಿರುವ ಓದುಗರಿಗೂ ಉಪಯೋಗವಾಗಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೆಂಟಲ್ ಕೆಪಾಸಿಟಿ ಆಕ್ಟ್, 2005ರ ಅಡಿ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಎಂಬ ಪತ್ರವಿದೆ; ಬರೆದುಕೊಟ್ಟವರ ಸಾಮರ್ಥ್ಯ ಹೋದ ಮೇಲೂ ಅದು ಊರ್ಜಿತವಾಗಿಯೇ ಇರುತ್ತದೆ. ಆಸ್ತಿ ಮತ್ತು ಹಣಕಾಸಿಗೆ ಒಂದು, ಆರೋಗ್ಯ ಮತ್ತು ಯೋಗಕ್ಷೇಮಕ್ಕೆ ಇನ್ನೊಂದು. ಎರಡನ್ನೂ ಸಾರ್ವಜನಿಕ ಪಾಲಕರ ಕಚೇರಿಯಲ್ಲಿ ನೋಂದಾಯಿಸಿದ ಮೇಲೆಯೇ ಬಳಸಬಹುದು, ಮತ್ತು ಒತ್ತಾಯವಿಲ್ಲದೆ ಅರ್ಥಮಾಡಿಕೊಂಡೇ ಬರೆದಿದ್ದಾರೆಂದು ದೃಢೀಕರಿಸುವ ಸ್ವತಂತ್ರ ವ್ಯಕ್ತಿಯೊಬ್ಬರ ಸಹಿ ಬೇಕು. ಪತ್ರ ಮಾಡಿಸಿಕೊಳ್ಳದೆ ಸಾಮರ್ಥ್ಯ ಹೋದರೆ ಕೋರ್ಟ್ ಆಫ್ ಪ್ರೊಟೆಕ್ಷನ್‌ಗೆ ಹೋಗಿ ಡೆಪ್ಯುಟಿಯಾಗಿ (ಅವರ ಪರವಾಗಿ ನಿರ್ಧರಿಸುವವರಾಗಿ) ನೇಮಕಗೊಳ್ಳಬೇಕು. ಅದು ದೀರ್ಘವಾದ ದಾರಿ. ಇಲ್ಲಿಯೂ ಗಂಡ ಅಥವಾ ಹೆಂಡತಿ ಎಂಬ ಕಾರಣಕ್ಕೆ ತಾನಾಗಿ ಅಧಿಕಾರ ಬರುವುದಿಲ್ಲ. ಜರ್ಮನಿಯಲ್ಲಿ 2023ರ ಜನವರಿ 1ರಿಂದ ಸಂಗಾತಿಗೆ ತುರ್ತು ಪ್ರಾತಿನಿಧ್ಯದ ಹಕ್ಕು ಕೊಟ್ಟಿದ್ದಾರೆ, ಅದೂ ಆರೋಗ್ಯದ ವಿಷಯಗಳಿಗೆ ಮಾತ್ರ, ಹೆಚ್ಚೆಂದರೆ ಆರು ತಿಂಗಳ ಮಟ್ಟಿಗೆ.

ನನಗೆ ಬಹಳ ಹಿಡಿಸಿದ್ದು ಇಲ್ಲಿನ ಕಾಯಿದೆಯ ಮೊದಲ ಕಲಮು. ಒಬ್ಬರ ನಿರ್ಧಾರ ಇತರರಿಗೆ ಅವಿವೇಕವೆಂದು ತೋರಿದ ಮಾತ್ರಕ್ಕೆ ಅವರಿಗೆ ಸಾಮರ್ಥ್ಯವಿಲ್ಲವೆಂದು ಎಣಿಸಬಾರದು ಎಂದು ಅದು ಹೇಳುತ್ತದೆ.

ಸಿವಿಲ್ ವಕೀಲರು

ಭಾರತದಲ್ಲಿ ಅಂತಹ ಪತ್ರವಿಲ್ಲದ್ದರಿಂದ, ಸಾಮರ್ಥ್ಯ ಹೋದ ಮೇಲೆ ಉಳಿಯುವುದು ನ್ಯಾಯಾಲಯದ ದಾರಿ. ಹಿಂದೆ ಮಾನಸಿಕ ಆರೋಗ್ಯ ಕಾಯಿದೆ, 1987ರಲ್ಲಿ ಜಿಲ್ಲಾ ನ್ಯಾಯಾಲಯ ವಿಚಾರಣೆ ನಡೆಸಿ ವ್ಯಕ್ತಿಗೆ ಪಾಲಕರನ್ನೂ ಆಸ್ತಿಗೆ ವ್ಯವಸ್ಥಾಪಕರನ್ನೂ ನೇಮಿಸುವ ಅಧ್ಯಾಯವಿತ್ತು. 2018ರ ಮೇ 29ರಂದು ಜಾರಿಗೆ ಬಂದ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ, 2017 ಹಳೆಯದನ್ನು ರದ್ದುಪಡಿಸಿತು, ಆದರೆ ಆಸ್ತಿಯ ಪಾಲಕತ್ವಕ್ಕೆ ಬದಲಿ ವ್ಯವಸ್ಥೆ ಕೊಡಲಿಲ್ಲ. ಪಾಲಕರು ಮತ್ತು ಪಾಲ್ಯರ ಕಾಯಿದೆ, 1890 ಅಪ್ರಾಪ್ತರಿಗೆ ಸಂಬಂಧಿಸಿದ್ದು. ರಾಷ್ಟ್ರೀಯ ನ್ಯಾಸ ಕಾಯಿದೆ, 1999 ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಮತ್ತು ಬಹುವಿಧ ಅಂಗವೈಕಲ್ಯಗಳಿಗೆ ಸೀಮಿತ. ಲಕ್ಷಾಂತರ ಮನೆಗಳಿಗೆ ಬೇಕಾದ ಒಂದು ಸರಳ ವಿಧಾನವನ್ನು ಶಾಸಕಾಂಗ ಇನ್ನೂ ರೂಪಿಸದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಹೀಗಾಗಿ ಎರಡು ಬಾಗಿಲುಗಳಿವೆ. ಒಂದು, ವಿಕಲಾಂಗ ವ್ಯಕ್ತಿಗಳ ಹಕ್ಕುಗಳ ಕಾಯಿದೆ, 2016ರ 14ನೇ ಕಲಮಿನ ಸೀಮಿತ ಪಾಲಕತ್ವ. ತಕ್ಕ ನೆರವು ಕೊಟ್ಟ ಮೇಲೂ ಕಾನೂನಿಗೆ ಬದ್ಧವಾಗುವ ನಿರ್ಧಾರ ಕೈಗೊಳ್ಳಲಾರದವರಿಗೆ ಜಿಲ್ಲಾ ನ್ಯಾಯಾಲಯ ಅಥವಾ ರಾಜ್ಯ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರ, ನಿರ್ದಿಷ್ಟ ಅವಧಿಗೆ, ನಿರ್ದಿಷ್ಟ ನಿರ್ಧಾರಕ್ಕೆ ಪಾಲಕರನ್ನು ನೇಮಿಸಬಹುದು; ಆ ಪಾಲಕರು ಆ ವ್ಯಕ್ತಿಯೊಡನೆ ಸಮಾಲೋಚಿಸಿ, ಅವರ ಇಚ್ಛೆಗೆ ಅನುಗುಣವಾಗಿ ನಡೆಯಬೇಕು. "ಕಿತ್ತುಕೊಂಡಂತೆ ಆಗಬಾರದು" ಎಂದು ನೀವು ಬರೆದಿರಲ್ಲ ಅಮ್ಮ, ಅದಕ್ಕೆ ಹತ್ತಿರವಾದ ಕಾನೂನು ಇದೇ. ಇನ್ನೊಂದು, ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟಿಗೆ ರಿಟ್ ಅರ್ಜಿ. ಕೋಮಾದಲ್ಲಿದ್ದವರಿಗೆ ಪಾಲಕರನ್ನು ನೇಮಿಸುವ ಬಗ್ಗೆ ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ಮಾರ್ಗಸೂಚಿ ಕೊಟ್ಟಿತು: ಆಸ್ತಿಯ ಮತ್ತು ಉತ್ತರಾಧಿಕಾರಿಗಳ ಪೂರ್ಣ ವಿವರ, ವೈದ್ಯಕೀಯ ಮಂಡಳಿಯ ಪರೀಕ್ಷೆ, ಕಂದಾಯ ಅಧಿಕಾರಿಯ ಭೇಟಿ ಮತ್ತು ವರದಿ, ನೇಮಕವಾದ ಮೇಲೆ ಆರು ತಿಂಗಳಿಗೊಮ್ಮೆ ಪಾಲಕರ ಲೆಕ್ಕ. ಇಂಥ ಅರ್ಜಿ ಹಾಕುವವರು ಈ ವಿವರಗಳನ್ನು ಮೊದಲೇ ಜೋಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಅರ್ಜಿಯಲ್ಲಿ ಬೇಕಾದದ್ದನ್ನು ಮಾತ್ರ ಕೇಳಿ. "ಸಕಲ ಸ್ಥಿರ ಚರ ಆಸ್ತಿಗಳ ಮೇಲೆ ಸಂಪೂರ್ಣ ಅಧಿಕಾರ" ಎನ್ನುವುದಕ್ಕಿಂತ, ಇಂತಿಂಥ ಠೇವಣಿಯನ್ನು ಚಿಕಿತ್ಸೆ ಮತ್ತು ಮನೆಖರ್ಚಿಗೆ ಬಳಸಲು, ತೆರಿಗೆ ಸಲ್ಲಿಸಲು, ವಿಮೆಯ ಹಣ ಪಡೆಯಲು ಎಂದು ಬಿಡಿಸಿ ಬರೆದರೆ ನ್ಯಾಯಾಲಯಕ್ಕೆ ಒಪ್ಪಿಗೆಯಾಗುವುದು ಸುಲಭ, ನಿಮ್ಮವರ ಉಳಿದ ಹಕ್ಕುಗಳೂ ಉಳಿಯುತ್ತವೆ. ಮನೆಯ ಮಾರಾಟಕ್ಕೆ ಅಗತ್ಯ ಬಿದ್ದಾಗ ಪ್ರತ್ಯೇಕ ಅನುಮತಿ ಕೇಳಬಹುದು.

ತಂದೆಯ ಆರೈಕೆ ಮಾಡುತ್ತಿರುವ ಮಗಳು

ವಕೀಲರ ಮಾತಿಗೆ ಪೂರಕವಾಗಿ ಒಂದು ಸಲಹೆ. ಅಧಿಕಾರ ತಾಯಿಯ ಹೆಸರಿಗೆ ಬರಲಿ, ಆದರೆ ಲೆಕ್ಕ ಎಲ್ಲ ಮಕ್ಕಳ ಕಣ್ಣಿಗೂ ಬೀಳಲಿ. ನಮ್ಮ ಮನೆಯಲ್ಲಿ ರೂಲು ಹಾಕಿದ ಒಂದು ದಪ್ಪ ಪುಸ್ತಕವಿದೆ: ದಿನಾಂಕ, ಖರ್ಚು, ಯಾರಿಗಾಗಿ, ರಸೀದಿ ಸಂಖ್ಯೆ, ಕೊನೆಯ ಅಂಕಣದಲ್ಲಿ "ಅಪ್ಪನಿಗೆ ತಿಳಿಸಿದೆವೇ, ಏನೆಂದರು?" ಎಂಬುದು. ಡಯಾಪರ್ ಖರೀದಿಯ ಎದುರು "ಬೇಡವೆಂದರು, ರಾತ್ರಿಗೆ ಮಾತ್ರ ಒಪ್ಪಿದರು" ಎಂದು ಅಮ್ಮ ಬರೆದಿದ್ದಾರೆ. ದೂರದಲ್ಲಿರುವ ಅಣ್ಣನಿಗೆ ಅನುಮಾನ ಮೂಡುವುದಕ್ಕೆ ಈ ಪುಸ್ತಕ ಆಸ್ಪದವನ್ನೇ ಕೊಟ್ಟಿಲ್ಲ.

ಮನೋವೈದ್ಯರು

ಚಿಕಿತ್ಸೆಯ ನಿರ್ಧಾರಗಳ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆ ಮಾನಸಿಕ ಕಾಯಿಲೆಗೆ ಕೊಡುವ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ಅವ್ಯವಸ್ಥೆಯೂ ಸೇರಿದೆ. ಅದರ 14ನೇ ಕಲಮಿನಂತೆ ನಿಮ್ಮ ಯಜಮಾನರು ಬಿಳಿ ಹಾಳೆಯ ಮೇಲೆ ಬರೆದು, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿ, ನಿಮ್ಮನ್ನು ನಾಮನಿರ್ದೇಶಿತ ಪ್ರತಿನಿಧಿಯೆಂದು ಹೆಸರಿಸಬಹುದು. 5ನೇ ಕಲಮಿನಂತೆ, ಮುಂದೆ ತಮಗೆ ಯಾವ ಬಗೆಯ ಮಾನಸಿಕ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನವನ್ನೂ ಬರೆದಿಡಬಹುದು. ಇವೆರಡೂ ಮಾನಸಿಕ ಆರೋಗ್ಯದ ಚಿಕಿತ್ಸೆಗೆ ಮಾತ್ರ. ಇವುಗಳನ್ನು ತೋರಿಸಿ ಠೇವಣಿ ಬಿಡಿಸಲಾಗದು.

ಜೀವನದ ಕೊನೆಯ ಹಂತದಲ್ಲಿ ವೆಂಟಿಲೇಟರ್‌ನಂತಹ ಜೀವರಕ್ಷಕ ಚಿಕಿತ್ಸೆಯ ಕುರಿತ ಇಚ್ಛಾಪತ್ರ ಬೇರೆಯದೇ. ಅದನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ಕಾಮನ್ ಕಾಸ್ ತೀರ್ಪಿನಲ್ಲಿ ಮಾನ್ಯ ಮಾಡಿತು, 2023ರ ಜನವರಿಯಲ್ಲಿ ವಿಧಾನವನ್ನು ಸರಳಗೊಳಿಸಿತು. ಈಗ ಇಬ್ಬರು ಸಾಕ್ಷಿಗಳ ಜೊತೆಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕು. ಆ ಮಾತು ಎತ್ತಲು ಮನೆಯವರು ಹೆದರುತ್ತಾರೆ. ರೋಗಿಗಳು ಮಾತ್ರ ಬಹಳ ಸಲ ಯಾರಾದರೂ ಕೇಳಲಿ ಎಂದು ಕಾದಿರುತ್ತಾರೆ.

ಪ್ರಶ್ನೆ ಕೇಳಿದವರು

ಇಂದು ಬೆಳಗ್ಗೆ ಪ್ರತಿನಿಧಿಯ ವಿಷಯವನ್ನು ಅವರಿಗೆ ವಿವರಿಸಿದೆ. "ನೀನೇ ಇರು, ಆದರೆ ಮಗಳನ್ನೂ ಕೇಳು, ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ" ಎಂದರು. ದಾನಪತ್ರ ಬೇಡವೆಂದು ಮೈದುನರಿಗೆ ತಿಳಿಸಿದ್ದೇನೆ. ಠೇವಣಿಗಳ ಬಗ್ಗೆ ಬ್ಯಾಂಕಿಗೆ ಲಿಖಿತ ಕೋರಿಕೆ ಸಿದ್ಧವಾಗಿದೆ. ಕೊನೆಯದಾಗಿ ಒಂದೇ ಪ್ರಶ್ನೆ: ಪಾಲಕಳಾದ ಮೇಲೆ ನಾನೇ ಮೊದಲು ಹೋದರೆ ಅವರ ಗತಿಯೇನು?

ಸಿವಿಲ್ ವಕೀಲರು

ನೀವು ತೀರಿಕೊಂಡರೆ ನಿಮ್ಮ ಪಾಲಕತ್ವ ಮಕ್ಕಳಿಗೆ ತಾನಾಗಿ ಹೋಗುವುದಿಲ್ಲ, ಉಯಿಲಿನಲ್ಲಿ ಬರೆದು ವರ್ಗಾಯಿಸಲೂ ಆಗದು. ಆದ್ದರಿಂದ ಅರ್ಜಿ ಹಾಕುವಾಗಲೇ ಮಗಳನ್ನು ಜಂಟಿ ಅಥವಾ ಬದಲಿ ಪಾಲಕಳೆಂದು ಪರಿಗಣಿಸುವಂತೆ ಕೋರಿ, ಮಗನ ಒಪ್ಪಿಗೆಯ ಅಫಿಡವಿಟ್ ಲಗತ್ತಿಸಿ. ಅವರು ಇಂದು ಬೆಳಗ್ಗೆ ಆಡಿದ ಆ ಮಾತನ್ನು, ದಿನಾಂಕ ಮತ್ತು ವೇಳೆಯೊಂದಿಗೆ, ವೈದ್ಯರ ಮುಂದಿನ ಪರೀಕ್ಷೆಯಲ್ಲಿ ಅವರಿಂದಲೇ ಮತ್ತೊಮ್ಮೆ ಹೇಳಿಸಿ ದಾಖಲಿಸಿಕೊಳ್ಳಿ. ಯಾರನ್ನು ನೇಮಿಸಬೇಕೆಂದು ನ್ಯಾಯಾಲಯ ಕೇಳಿದಾಗ ಅವರ ಸ್ವಂತ ಇಚ್ಛೆಗೆ ಅದಕ್ಕಿಂತ ಗಟ್ಟಿಯಾದ ಪುರಾವೆ ಸಿಗುವುದು ಕಷ್ಟ. ನಿಮ್ಮ ಸ್ವಂತ ಹಣ ಅವರ ಆರೈಕೆಗೆ ಒದಗುವಂತೆ ನಿಮ್ಮ ಉಯಿಲನ್ನೂ ಬರೆದಿಡಿ, ಅದರಲ್ಲಿ ಮಗಳನ್ನು ನಿರ್ವಾಹಕಳೆಂದು ಹೆಸರಿಸಿ.